ಸುವರ್ಣಾ ಎಂಬತ್ತರ ಒಳಗೆ ಬಂದದ್ದು

ಛಟ್ಟಿ ಅಮಾವಾಸ್ಯೆ ಮುಗಿದ ವಾರ, ಬೆಳಗಿನ ಐದರ ಹೊತ್ತು. ಅಂಬೇವಾಡಿಯಲ್ಲಿ ಆ ಹೊತ್ತಿಗೆ ಎದ್ದಿರುವವರು ಎರಡೇ ಥರದವರು. ಪಾಳಿಗೆ ಹೋಗುವವರು, ಮತ್ತು ನನ್ನ ಹಾಗೆ ಪಾಳಿ ಮುಗಿದು ವರ್ಷಗಳಾದರೂ ಮಲಗಲು ಕಲಿಯದವರು. ಕಾಗದದ ಕಾರ್ಖಾನೆಯ ಬಿದಿರಿನ ಯಾರ್ಡಿನಲ್ಲಿ ಕೆಲಸ ಮಾಡಿದವನು ನಾನು. ಕಂಬಳಿ ಹೊದ್ದು ಒಲೆಯ ಮುಂದೆ ಕುಳಿತಿದ್ದೆ. ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಎದುರು ಮನೆಯ ಸುವರ್ಣಾ. ತಲೆಗೆ ಮಫ್ಲರು, ಕಾಲಿಗೆ ಗಂಡನ ಬೂಟು.

"ಶೇಖಪ್ಪಜ್ಜಾ, ನನ್ನ ಜೋಡಿ ವಾಕಿಂಗ್ ಬರ್ರಿ," ಎಂದಳು.

"ನಾ ಯಾಕ?"

"ಒಬ್ಬಾಕಿ ಹೋಗಾಕ ಅಂಜಿಕಿ. ರಸ್ತಾದಾಗ ಹಂದಿ ಅದಾವು. ಮತ್ತ ನೀವು ಮಾತಾಡಂಗಿಲ್ಲ. ಬ್ಯಾರೇದವರು ಬಂದ್ರ ಬುದ್ಧಿ ಹೇಳ್ತಾರ."

ನನ್ನ ಮೊಣಕಾಲುಗಳು ನಡೆಯಲು ಒಪ್ಪುವುದಿಲ್ಲ, ಸೈಕಲ್ಲಿಗೆ ಒಪ್ಪುತ್ತವೆ. ಹಾಗಾಗಿ ಅವಳು ನಡೆಯುವುದು, ನಾನು ಪಕ್ಕದಲ್ಲಿ ಸೈಕಲ್ ತುಳಿಯುವುದು ಎಂದಾಯಿತು. ಅವಳ ನಡಿಗೆಯಷ್ಟೇ ನಿಧಾನಕ್ಕೆ, ಬೀಳದಂತೆ ತುಳಿಯುವುದು ಸುಲಭದ ಕೆಲಸವಲ್ಲ.

ಸುವರ್ಣಾ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಹೆಂಗಸು. ಬೆಳಗಿನಿಂದ ಸಂಜೆವರೆಗೆ ಒಲೆಯ ಮುಂದೆ ಕುಳಿತೇ ಕೆಲಸ. ಹರಿದ ರೊಟ್ಟಿ ಮಾರಾಟಕ್ಕೆ ಬರುವುದಿಲ್ಲ, ಚೆಲ್ಲಲು ಮನಸ್ಸಾಗುವುದಿಲ್ಲ, ಆದ್ದರಿಂದ ಅದು ಅವಳ ಪಾಲು. ಹೀಗೆ ವರ್ಷ ವರ್ಷ ಬೆಳೆದ ಮೈ. ಅದರಿಂದ ಅವಳಿಗೆ ಏನೂ ತೊಂದರೆಯಾಗಿರಲಿಲ್ಲ. ತೊಂದರೆಯಾದದ್ದು ತಮ್ಮನಿಗೆ.

ತಮ್ಮ ಸಿದ್ದಲಿಂಗ ದಾಂಡೇಲಿಯಲ್ಲಿ ಆಟೋ ಓಡಿಸುತ್ತಿದ್ದವನು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಆಟೋ ಬಿಟ್ಟು ಅಕ್ಕನ ಮನೆಯಲ್ಲೇ ಇದ್ದ. ವಾರಕ್ಕೆರಡು ಸಲ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. ಹುಬ್ಬಳ್ಳಿಯ ದವಾಖಾನೆಯವರು ಪರೀಕ್ಷೆ ಮಾಡಿ, ಅಕ್ಕನ ಕಿಡ್ನಿ ತಮ್ಮನಿಗೆ ಹೊಂದುತ್ತದೆ ಎಂದರು. ಆದರೆ ಇಷ್ಟು ತೂಕದ ಮೈ ಕೊಯ್ದರೆ ಕೊಡುವವಳ ಜೀವಕ್ಕೇ ಅಪಾಯ, ಎಂಬತ್ತರ ಒಳಗೆ ಬರಬೇಕು ಎಂದೂ ಹೇಳಿದರು. ಆಗ ಅವಳು ತೊಂಬತ್ತೊಂದು ಕೆ.ಜಿ. ಇದ್ದಳು. ಬೇಗ ಇಳಿಸಿ, ತಮ್ಮನಿಗೆ ಬಹಳ ಕಾಯುವ ಶಕ್ತಿ ಇಲ್ಲ ಎಂದು ಡಾಕ್ಟರು ಕಾರಿಡಾರಿನಲ್ಲಿ ಅವಳೊಬ್ಬಳಿಗೇ ಹೇಳಿದ್ದರು.

ಗಂಡ ರುದ್ರೇಶನನ್ನು ಕೇಳಿದಾಗ ಅವನು ತಟ್ಟನೆ ಒಪ್ಪಿದ. "ಎಂಬತ್ತಕ್ಕ ಇಳಿ ಮೊದ್ಲ, ಆಮ್ಯಾಲೆ ಕೊಡು. ನಾ ಬ್ಯಾಡ ಅನ್ನಂಗಿಲ್ಲ," ಎಂದ. ಓಣಿಯವರೆಲ್ಲ ಎಂಥ ಗಂಡ ಎಂದು ಹೊಗಳಿದರು.

ಮೊದಲ ದಿನ ಹಳಿಯಾಳ ರಸ್ತೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೋರಿಯ ಸಿಡಿಗಟ್ಟೆಯ ಮೇಲೆ ಕುಳಿತುಬಿಟ್ಟಳು. "ಇವತ್ತಿಗೆ ಸಾಕ್ರಿ ಅಜ್ಜಾ." ನಾನು ಒಂದು ಕಾಲು ನೆಲಕ್ಕೆ ಊರಿ ಸೈಕಲ್ ಮೇಲೇ ನಿಂತೆ. ಮಂಜು ಸುರಿಯುತ್ತಿತ್ತು. ತೇಗದ ಮರದ ಮೇಲೆ ಮಂಗಗಳು ಕೆಮ್ಮುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ ಅವಳೇ ಎದ್ದಳು.

"ನೀವು ಏಳವ್ವಾ ಅಂದಿದ್ರ ಮನಿಗೆ ಹೋಗ್ತಿದ್ದೆ," ಎಂದು ಬಯ್ದಂತೆ ಹೇಳಿ ಮುಂದೆ ನಡೆದಳು.

ಆಮೇಲೆ ಹಾಗೇ ನಡೆಯಿತು. ಅವಳು ಕೂರುವುದು, ನಾನು ನಿಲ್ಲುವುದು, ಅವಳು ಏಳುವುದು. ಬರುಬರುತ್ತಾ ಕೂರುವುದು ಕಡಿಮೆಯಾಗಿ, ಹಳೆಯ ನಾಟಾ ಡಿಪೋದ ಗೇಟಿನ ತನಕ ಹೋಗಿ ಬರುವುದು ರೂಢಿಯಾಯಿತು.

ತೂಕ ಇಳಿಸಲು ಒದ್ದಾಡಿದವರನ್ನು ಅದಕ್ಕೂ ಮೊದಲು ನಾನು ಒಬ್ಬನನ್ನೇ ನೋಡಿದ್ದೆ. ಹಳಿಯಾಳದ ಪೈಲವಾನ ಭೋಜಪ್ಪ. ಸೂಪಾ ಊರು ಅಣೆಕಟ್ಟಿನ ನೀರಲ್ಲಿ ಇನ್ನೂ ಮುಳುಗಿರದ ಕಾಲ. ಕುಸ್ತಿಯ ತೂಕಕ್ಕೆ ಹೊಂದಲು ಬೇಸಿಗೆಯಲ್ಲಿ ಕಂಬಳಿ ಹೊದ್ದು ಓಡಿ, ಎರಡು ದಿನ ಉಗುಳು ಕೂಡ ನುಂಗದೆ ಉಗುಳಿ, ಹೇಗೋ ತೂಕಕ್ಕೆ ಹೊಂದಿದ. ತೂಗಿ ಇಳಿದವನೇ ಒಂದು ಬುಟ್ಟಿ ಬಾಳೆಹಣ್ಣು ತಿಂದ. ಅಖಾಡದಲ್ಲಿ ಬಿದ್ದವನು ತಾನಾಗಿ ಏಳಲಿಲ್ಲ. ಇದನ್ನು ಸುವರ್ಣಾಳಿಗೆ ಹೇಳಬೇಕೆಂದುಕೊಂಡೆ. ಅವಳು ನನ್ನನ್ನು ಆರಿಸಿದ್ದೇ ಮಾತಾಡುವುದಿಲ್ಲ ಎಂದು. 

ಪ್ರತಿ ರವಿವಾರ ಮಹಾಬಳೇಶ್ವರನ ಹಿಟ್ಟಿನ ಗಿರಣಿಯಲ್ಲಿ ತೂಗುವುದು. ಕಾಳಿನ ಚೀಲ ತೂಗುವ ಕಾಟಾ ಅದು. ಮಹಾಬಳೇಶ್ವರ ಜೋಯಿಡಾ ಕಡೆಯವನು, ಒಳ್ಳೆಯ ಮನುಷ್ಯ. ಗಿರಣಿಯ ಸದ್ದಿನಲ್ಲಿ ಕೇಳಬೇಕೆಂದು ಪ್ರತಿ ತೂಕವನ್ನೂ ಕೂಗಿ ಹೇಳಿ ಅಭ್ಯಾಸ.

"ಸುವರ್ಣಕ್ಕಾ, ಎಂಬತ್ತೊಂಬತ್ತು! ಚೀಲದ ತೂಕ ತೆಗೆದ್ರ ಎಂಬತ್ತೆಂಟು!"

"ಚೀಲ ಎಲ್ಲೈತೋ ಭಾಡ್ಯಾ?"

"ಸೀರಿ ಐತೆಲ್ರೀ."

ಹೀಗೆ ಅವಳ ತೂಕ ಇಡೀ ಅಂಬೇವಾಡಿಗೆ ವಾರವಾರ ತಿಳಿಯುತ್ತಿತ್ತು. ಮೊದಲು ನಾಚಿಕೊಂಡಳು. ಆಮೇಲೆ ಇಳಿಯದ ವಾರ ಗಿರಣಿಗೆ ಹೋಗಲು ಅಂಜಿ, ಆ ಅಂಜಿಕೆಗೇ ಹರಿದ ರೊಟ್ಟಿಯನ್ನು ಎಮ್ಮೆಗೆ ಹಾಕತೊಡಗಿದಳು. ಎಮ್ಮೆ ನನ್ನದು. ಅದು ದಪ್ಪಗಾಯಿತು.

ರುದ್ರೇಶ ಮಾತ್ರ ದಿನವೂ ಪಾಳಿ ಮುಗಿಸಿ ಬರುವಾಗ ಮಿರ್ಚಿ ಭಜಿಯ ಪೊಟ್ಟಣ ತರುತ್ತಿದ್ದ. ಮೊದಲು ಶನಿವಾರಕ್ಕೊಮ್ಮೆ ತರುತ್ತಿದ್ದವನು ಅವಳು ಇಳಿಯುತ್ತ ಬಂದಂತೆ ದಿನಾ ತರಲು ಶುರು ಮಾಡಿದ. ಬಿಚ್ಚಿ ಅವಳ ಎದುರಿಗೆ ಇಟ್ಟು, ಕೈಕಾಲು ತೊಳೆಯಲು ಹೋಗುತ್ತಿದ್ದ. ಅವಳು ಅದನ್ನು ಓಣಿಯ ಮಕ್ಕಳಿಗೆ ಹಂಚುತ್ತಿದ್ದಳು.

ಶಿವರಾತ್ರಿಯ ಹೊತ್ತಿಗೆ ಮಹಾಬಳೇಶ್ವರ ಎಂಬತ್ತೊಂದು ಎಂದು ಕೂಗಿದ. ಚೀಲ ತೆಗೆಯಬೇಡವೆಂದು ಅವಳೇ ಹೇಳಿದ್ದಳು. ದವಾಖಾನೆಗೆ ಫೋನು ಮಾಡಿದರೆ, ಎರಡು ವಾರ ಬಿಟ್ಟು ಬನ್ನಿ, ಅಷ್ಟರಲ್ಲಿ ಇನ್ನೂ ಇಳಿದಿರುತ್ತೀರಿ, ತೂಕ ನೋಡಿ ಸೇರಿಸಿಕೊಳ್ಳುತ್ತೇವೆ ಎಂದರು.

ಇಲ್ಲಿಯೇ ಕೆಟ್ಟಿತು.

ನಮ್ಮ ಓಣಿಯವರು ಧಾರವಾಡ, ಬೆಳಗಾವಿ ಕಡೆಯಿಂದ ಕಾರ್ಖಾನೆಗೆಂದು ಬಂದವರು. ನಮ್ಮಲ್ಲಿ ಮದುವೆಗೆ ಹೊರಟವಳನ್ನು, ಹೆರಿಗೆಗೆ ಹೊರಟವಳನ್ನು ಮನೆ ಮನೆಗೆ ಕರೆದು ಉಣ್ಣಿಸಿಯೇ ಕಳಿಸುವುದು. ತಮ್ಮನಿಗೆ ಮೈಯೊಳಗಿನದನ್ನೇ ತೆಗೆದು ಕೊಡಲು ಹೊರಟವಳನ್ನು ಬರೇ ಹೊಟ್ಟೆಯಲ್ಲಿ ಕಳಿಸಲು ಯಾರಿಗೂ ಮನಸ್ಸು ಬರಲಿಲ್ಲ. ಮೊದಲು ಕರೆದವಳು ನನ್ನ ಹೆಂಡತಿ ದುರ್ಗವ್ವನೇ. ಹೋಳಿಗೆ ಮಾಡಿದಳು.

"ಬ್ಯಾಡ್ರಿ ಅಮ್ಮಾ, ತೂಕ ಐತಿ," ಎಂದಳು ಸುವರ್ಣಾ.

"ಒಂದು ಹೋಳಿಗಿಲೆ ಏನ ಆಕ್ಕೈತಿ? ಈ ಊಟ ಒಲ್ಲೆ ಅಂದ್ರ ಅಪಶಕುನ," ಎಂದು ದುರ್ಗವ್ವ ಎರಡು ಬಡಿಸಿ ತುಪ್ಪ ಸುರಿದಳು.

ಮರುದಿನ ಇನ್ನೊಂದು ಮನೆ. ಅದರ ಮರುದಿನ ಇನ್ನೊಂದು. ಮುಂಡಗೋಡ ಕಡೆಯ ತಾಂಡಾದಿಂದ ಬಂದು ನಮ್ಮ ಓಣಿಯಲ್ಲಿರುವ ಗೌರಿಬಾಯಿ ತನ್ನ ಕಡೆಯ ಪದ್ಧತಿಯಂತೆ ರೊಟ್ಟಿಯನ್ನು ಬೆಲ್ಲ ತುಪ್ಪದಲ್ಲಿ ಮುಳುಗಿಸಿಯೇ ಕೊಟ್ಟಳು. ಪ್ರತಿ ಮನೆಯವರೂ ನಮ್ಮದೊಂದೇ ಊಟ ಎಂದುಕೊಂಡರು. ಉಂಡ ಮೇಲೆ ಬೆಳಿಗ್ಗೆ ಏಳುವುದು ತಡವಾಯಿತು, ಡಿಪೋದ ಗೇಟು ದೂರವಾಯಿತು. ಉಣ್ಣಿಸಿದವರೆಲ್ಲ ನಿಂತು ಕೈಬೀಸಿ ಅಕ್ಕ ತಮ್ಮನನ್ನು ಬಸ್ಸು ಹತ್ತಿಸಿದರು.

ಹುಬ್ಬಳ್ಳಿಯ ಕಾಟಾ ಎಂಬತ್ತೈದು ತೋರಿಸಿತು. ಅದೇ ಸಂಜೆಯ ಬಸ್ಸಿಗೆ ಇಬ್ಬರೂ ವಾಪಸ್ಸು ಬಂದರು. ದಾರಿಯಲ್ಲಿ ಸಿದ್ದಲಿಂಗ ಕೇಳಿದ್ದು ಕಿಟಕಿ ಪಕ್ಕದ ಸೀಟೊಂದನ್ನೇ ಅಂತೆ.

ಮಾರನೆಯ ಬೆಳಿಗ್ಗೆ ಐದಕ್ಕೆ ಅವಳು ಬಾಗಿಲು ಬಡಿಯಲಿಲ್ಲ. ನಾನು ಸೈಕಲ್ ಹಿಡಿದು ಅವಳ ಮನೆಯ ಮುಂದೆ ನಿಂತೆ. ಕೂಗಲಿಲ್ಲ. ಗಂಟೆ ಬಾರಿಸೋಣವೆಂದರೆ ಸೈಕಲ್ಲಿಗೆ ಗಂಟೆ ಇಲ್ಲ. ಒಬ್ಬನೇ ಡಿಪೋದ ತನಕ ಹೋಗಿ ಬಂದೆ. ಮರುದಿನವೂ ಹಾಗೇ. ಯುಗಾದಿ ಬಂದು ಹೋಯಿತು. ಸುವರ್ಣಾ ರೊಟ್ಟಿ ಬಡಿಯುತ್ತಿದ್ದಳು, ಹರಿದದ್ದನ್ನು ತಿನ್ನುತ್ತಿದ್ದಳು. ನನ್ನ ಎಮ್ಮೆ ಅವಳ ಮನೆಯ ಕಡೆ ನೋಡಿ ಒದರುತ್ತಿತ್ತು.

ಬೇಸಿಗೆ ಬಲಿತ ಮೇಲೆ ಒಂದು ಸಂಜೆ, ನಾನು ಅವರ ಕಟ್ಟೆಯ ಮೇಲೆ ಕುಳಿತಿದ್ದೆ. ಸಿದ್ದಲಿಂಗ ಪಕ್ಕದಲ್ಲಿದ್ದ. ಅವನ ಕೈಯಲ್ಲಿ ಒಂದು ಸಣ್ಣ ಸ್ಟೀಲಿನ ವಾಟಗ. ಕಿಡ್ನಿ ಕೆಟ್ಟವನು ಬೇಕಾದಷ್ಟು ನೀರು ಕುಡಿಯುವಂತಿಲ್ಲ. ಕುಡಿದರೆ ಮೈಯಲ್ಲೇ ನಿಲ್ಲುತ್ತದೆ. ದಿನದ ನೀರನ್ನು ಅವನು ಆ ವಾಟಗದಿಂದಲೇ ಅಳೆದು ಕುಡಿಯುತ್ತಿದ್ದ. ಅವತ್ತಿನ ಕೊನೆಯ ವಾಟಗ ಅದು. ಬೆರಳು ಅದ್ದಿ ತುಟಿಗೆ ಒರೆಸಿಕೊಳ್ಳುತ್ತ, ಮುಗಿಯದಂತೆ ಕಾಯುತ್ತಿದ್ದ.

ರುದ್ರೇಶ ಭಜಿ ತಂದ. ಸುವರ್ಣಾ ಪೊಟ್ಟಣ ಬಿಚ್ಚಿ ತಿನ್ನತೊಡಗಿದಳು.

"ವಾಸನಿ ಭಾರಿ ಬಂದೈತಿ," ಎಂದ ಸಿದ್ದಲಿಂಗ.

ಅವಳ ಬಾಯಿ ನಿಂತಿತು.

"ತಿನ್ನಕ್ಕಾ. ಒಂದು ಮಾತು. ನಿನಗ ಬ್ಯಾಡ ಅನ್ಸಿದ್ರ ಹೇಳಿಬಿಡು. ನಾ ಸಿಟ್ಟಾಗಂಗಿಲ್ಲ. ಕಾಯೂದು ಬ್ಯಾಸರ ಆಗೈತಿ, ಅಷ್ಟ. ಯಾವುದಾರ ಒಂದು ಖರೆ ಗೊತ್ತಾದ್ರ ಇದನ್ನ ಒಮ್ಮೆಲೇ ಕುಡೀತೇನಿ."

ಸುವರ್ಣಾ ಕೈಯಲ್ಲಿದ್ದ ಭಜಿಯನ್ನು ಪೊಟ್ಟಣದಲ್ಲಿಟ್ಟು ಗಂಡನ ಕಡೆ ತಿರುಗಿದಳು.

"ಇವನ್ನ ಯಾಕ ತರ್ತೀರಿ ದಿನಾ?"

"ಬಿಸಿ ಇದ್ವು," ಎಂದ ರುದ್ರೇಶ.

"ನಾ ಇಳಿಯಾಕ ಹತ್ತಿದಾಗಿಂದ ದಿನಾ ಬಿಸಿ ಇರ್ತಾವು?"

ಅವನು ಬೂಟಿನ ದಾರ ಬಿಚ್ಚುತ್ತ ಕೂತ. ಬಿಚ್ಚಿದ ದಾರವನ್ನೇ ಮತ್ತೆ ಕಟ್ಟಿದ.

"ನೀ ಇಳಿಯಂಗಿಲ್ಲ ಅಂತ ಹೂಂ ಅಂದಿದ್ದೆ," ಎಂದ. "ಇಳದ್ರ ಕೊಯ್ತಾರಲ್ಲ ನಿನ್ನ."

ನನಗೆ ಎದ್ದು ಹೋಗಬೇಕೆನಿಸಿತು. ಮೊಣಕಾಲು ಕೂಡಲೇ ಏಳುವುದಿಲ್ಲ. ಕುಳಿತೇ ಇದ್ದೆ.

"ಕೊಯ್ಸಿಕೊಳ್ಳಾಕಿ ನಾ, ಅಂಜೂದು ನೀವಾ?" ಎಂದಳು ಸುವರ್ಣಾ. "ಇಷ್ಟ ಅಂಜಿಕಿ ಇತ್ತಂದ್ರ ನನ್ನ ಜೋಡಿ ಬರ್ಬೇಕಿಲ್ಲೋ? ಈ ಮುದುಕಪ್ಪ ಬರ್ತಾನ, ಸೈಕಲ್ ಮ್ಯಾಲಿಂದ ಎರಡ ಸರ್ತಿ ಗಟಾರದಾಗ ಬಿದ್ದಾನ, ಒಂದ ದಿನ ಒಲ್ಲೆ ಅಂದಿಲ್ಲ."

ಮೂರು ಸಲ ಬಿದ್ದಿದ್ದೆ. ತಿದ್ದಲಿಲ್ಲ.

ರುದ್ರೇಶ ಪೊಟ್ಟಣ ಎತ್ತಿಕೊಂಡು ಹೋಗಿ ನನ್ನ ಎಮ್ಮೆಯ ಮುಂದೆ ಇಟ್ಟ. ಎಮ್ಮೆ ಮೂಸಿ ಮುಖ ತಿರುಗಿಸಿತು. ಸಿದ್ದಲಿಂಗ ನಕ್ಕ. ಆದರೆ ಆ ನೀರನ್ನು ಕುಡಿಯಲಿಲ್ಲ. ಕೈಯಲ್ಲೇ ಹಿಡಿದಿದ್ದ.

ಮಾರನೆಯ ದಿನ ಐದಕ್ಕೆ ಬಾಗಿಲು ಬಡಿದ ಸದ್ದು. ಸುವರ್ಣಾ ನಿಂತಿದ್ದಳು, ಹಿಂದೆ ರುದ್ರೇಶ. ಬೂಟು ಹೆಂಡತಿಯ ಕಾಲಲ್ಲಿದ್ದುದರಿಂದ ಅವನು ಚಪ್ಪಲಿಯಲ್ಲಿದ್ದ. ಸಿಡಿಗಟ್ಟೆ ಬರುವಷ್ಟರಲ್ಲಿ ಮೊದಲು ಕುಳಿತವನು ಅವನೇ.

"ಇವತ್ತಿಗೆ ಸಾಕಲ್ಲಾ?" ಎಂದ.

ಸುವರ್ಣಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಏನೂ ಹೇಳದೆ ನಿಂತೆವು. ಅವನೇ ಎದ್ದ.

ಭಜಿ ನಿಂತಿತು. ಇಳಿಯುವುದು ಮೊದಲಿನಷ್ಟು ಸಲೀಸಾಗಿ ಆಗಲಿಲ್ಲ. ಒಂದು ವಾರ ಇಳಿದರೆ ಎರಡು ವಾರ ಅಲ್ಲೇ ನಿಲ್ಲುತ್ತಿತ್ತು. ಕಾಟಾದಿಂದ ಇಳಿದು ಅತ್ತದ್ದೂ ಉಂಟು. ಅತ್ತ ದಿನವೂ ಮಾರನೆಯ ಬೆಳಿಗ್ಗೆ ಬಾಗಿಲು ಬಡಿಯುತ್ತಿತ್ತು. ಅದು ಹೇಗೆ ಎಂದು ದುರ್ಗವ್ವ ಕೇಳಿದಾಗ ಸುವರ್ಣಾ ಹೇಳಿದಳು, "ಮನಸ್ಸು ಬರೂತನಾ ಕುಂದ್ರಂಗಿಲ್ರಿ ಈಗ. ಬೂಟು ಹಾಕ್ಕೋತೇನಿ. ಮನಸ್ಸು ಡಿಪೋದ ಹತ್ರ ಬಂದು ಕೂಡ್ತೈತಿ, ಇಲ್ಲಾಂದ್ರ ಇಲ್ಲ."

ಮೃಗಶಿರಾ ಮಳೆ ಹಿಡಿಯುವ ಮೊದಲು ಎಪ್ಪತ್ತೊಂಬತ್ತಕ್ಕೆ ಬಂದಳು. ಈ ಸಲ ಹುಬ್ಬಳ್ಳಿಗೆ ಹೋಗಿ ಅಲ್ಲಿಯ ಕಾಟಾದ ಮೇಲೂ ನಿಂತು ಬಂದಳು. ದವಾಖಾನೆಯವರು ದಿನ ಗೊತ್ತುಮಾಡಿದರು.

ಓಣಿಯ ಹೆಂಗಸರು ಮತ್ತೆ ಚಡಪಡಿಸಿದರು. ಉಣ್ಣಿಸುವಂತಿಲ್ಲ, ಉಣ್ಣಿಸದೆ ಕಳಿಸುವಂತಿಲ್ಲ. ದುರ್ಗವ್ವ ಒಂದು ದಿನವಿಡೀ ಯೋಚಿಸಿ ಸಂಜೆಗೆ ಹೊರಗೆ ಬಂದು ಹೇಳಿದಳು: "ಉಡಿ ತುಂಬೂಣು. ಅಕ್ಕಿ ಈಗ ಕೊಡೂಣು, ಊಟ ಬಂದಮ್ಯಾಗ."

ಹೊರಡುವ ಬೆಳಿಗ್ಗೆ ಮನೆ ಮನೆಯವರು ಬಂದು ಅವಳ ಸೆರಗಿನ ಉಡಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲದ ಅಚ್ಚು ಹಾಕಿದರು. ಎರಡು ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕಾಯಿತು. ಬಸ್ಸಿನ ದಾರಿಯಲ್ಲೇ ಗಿರಣಿ. ಮಹಾಬಳೇಶ್ವರ ಬಿಡಲಿಲ್ಲ, ಉಡಿಯ ಸಮೇತ ಕಾಟಾದ ಮೇಲೆ ನಿಲ್ಲಿಸಿದ. ಮುಳ್ಳು ಎಂಬತ್ತೇಳಕ್ಕೆ ಹೋಯಿತು. ಅವನು ಸ್ವಲ್ಪವೂ ತಡವರಿಸಲಿಲ್ಲ.

"ಉಡಿ ತೆಗೆದ್ರ ಎಪ್ಪತ್ತೊಂಬತ್ತು!" ಎಂದು ಕೂಗಿದ. ಚೀಲದ ತೂಕ ತೆಗೆಯುವುದು ಈ ಸಲ ಮರೆತ.

ಉಡಿಯನ್ನು ದುರ್ಗವ್ವ ಡಬ್ಬಿಗೆ ಸುರಿದು ಮನೆಗೆ ತಂದಳು. ಬಂದ ಮೇಲೆ ಅದರದೇ ಅನ್ನ. ಬಸ್ಸಿನ ಹತ್ತಿರ ಸಿದ್ದಲಿಂಗ ಚೀಲದಿಂದ ಆ ಸಣ್ಣ ವಾಟಗ ತೆಗೆದು ನನ್ನ ಕೈಗಿಟ್ಟ.

"ಇಟಗೋರಿ ಅಜ್ಜಾ. ಬಂದಮ್ಯಾಗ ನಾ ಚರಿಗಿಲೇ ಕುಡಿಯಾಂವ."

ಸುವರ್ಣಾ ಸೀಟಿನಿಂದ ತಲೆ ಹೊರಗೆ ಹಾಕಿ, "ನಾಳಿ ಐದಕ್ಕ ಒಬ್ಬರ ಹೋಗ್ರಿ. ಗಟಾರ ನೋಡಿಕೊಂಡು," ಎಂದಳು.

ಹೂಂ ಎಂದೆ. ವಾಟಗದಲ್ಲಿ ದುರ್ಗವ್ವ ಸಾಸಿವೆ ಹಾಕಿಟ್ಟಿದ್ದಾಳೆ. ಸುವರ್ಣಾ, ಸಿದ್ದಲಿಂಗ, ಮತ್ತು ಮೂರು ದಿನ ರಜೆ ಕೇಳಿ ಹದಿನೈದು ದಿನದ ಬಟ್ಟೆ ತುಂಬಿಕೊಂಡ ರುದ್ರೇಶ, ಮೂವರೂ ಹುಬ್ಬಳ್ಳಿಗೆ ಹೋದದ್ದು ಸೋಮವಾರ, ಮೊದಲ ಬಸ್ಸಿಗೆ.