ಸೋಫಾಗಳ ನಡುವೆ ಒಂದು ಬೆನ್ನು

ಯಾರು ಹೊಲಿದರೋ ಈ ಕುರ್ಚಿಯನ್ನು, ಅಂಚಿನ ದಾರ ಬಿಟ್ಟುಕೊಂಡು ಒಳಗಿನ ಹಳದಿ ಫೋಮ್ ಹಲ್ಲು ಕಿರಿಯುತ್ತಿದೆ, ಬೆರಳು ತಾನಾಗಿಯೇ ಆ ಸಂದಿಗೆ ಹೋಗುತ್ತದೆ, ಬೇಡ, ಆಸ್ಪತ್ರೆಯ ಕುರ್ಚಿ, ಕೈ ಹಚ್ಚಿದರೆ ಗಂಡ ಬೈಯುತ್ತಾನೆ — ಬಂದಿರೋದು ರಿಪೋರ್ಟ್‌ಗೆ, ಕುರ್ಚಿ ರಿಪೇರಿಗಲ್ಲ ಕಣೇ — ಬೈಯಲಿ ಪಾಪ, ಅವನಿಗೂ ಒಳಗೊಳಗೇ ಪುಕುಪುಕು, ನೀರು ಕುಡಿಯುವ ನೆಪದಲ್ಲಿ ಎಷ್ಟು ಸಲ ಎದ್ದು ಹೋದ, ಹೋದಾಗಲೆಲ್ಲ ಡಾಕ್ಟರ ಬಾಗಿಲ ಮುಂದೆ ಹಾದು ಹೋದ, ಬಾಗಿಲಿಗೆ ಕಿವಿ ಇಟ್ಟರೆ ರಿಪೋರ್ಟು ಕೇಳಿಸುತ್ತದೆಯೇ ಮಹರಾಯ. ಇವಳ ಬೆನ್ನಿನಿಂದ ಕತ್ತರಿಸಿ ತೆಗೆದ ಮಚ್ಚೆ ಕೆಟ್ಟದ್ದೋ ಒಳ್ಳೆಯದೋ, ಕೆಟ್ಟದ್ದಾದರೆ ಎಷ್ಟು ಆಳಕ್ಕೆ ಇಳಿದಿತ್ತು, ಇವತ್ತು ಹೇಳುತ್ತಾರೆ, ಅಷ್ಟೇ, ಹೇಳಲಿ, ಹೊಲಿಗೆ ಹಾಕಿದ ಜಾಗ ಚುರುಗುಟ್ಟುತ್ತದೆ, ಒರಗಿಕೊಳ್ಳಲು ಆಗುವುದಿಲ್ಲ, ಜೀವಮಾನವಿಡೀ ಜನರ ಬೆನ್ನಿಗೆ ಮೆತ್ತೆ ಮಾಡಿಕೊಟ್ಟವಳಿಗೆ ಒರಗುವ ಭಾಗ್ಯ ಇಲ್ಲ ನೋಡು, ನಗು ಬರುತ್ತದೆ, ಬಂದರೂ ನಗುವ ಜಾಗವಲ್ಲ ಇದು.

ಇಲ್ಲಿಗೆ ಬಂದು ಕೂತಿರುವುದೇ ದೂರದವಳಿಂದ. ದೂರದವಳು ಅಂತ ಹೆಸರಿಟ್ಟವನು ಗಂಡ, ಅದೂ ಕೊಂಕಿಗೆ — ಅಂಗಡಿಯ ಹೊಸ್ತಿಲು ತುಳಿಯದೆ, ಒಂದು ಮೊಳೆ ಹೊಡೆಯದೆ, ಯಾವುದೋ ಊರಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಇವರ ಕುಶನ್ ಅಂಗಡಿಯ ಪ್ರಚಾರವನ್ನೆಲ್ಲ ನೋಡಿಕೊಳ್ಳುವ ಹುಡುಗಿ, ಇನ್‌ಸ್ಟಾಗ್ರಾಮಿಗೆ ಫೋಟೋ ಹಾಕುವುದು, ಕೆಳಗೆ ನಾಲ್ಕು ಮಾತು ಬರೆಯುವುದು, ಕೇಳಿದವರಿಗೆ ಉತ್ತರ ಕೊಡುವುದು, ಒಬ್ಬ ಹಲ್ಲಿನ ಡಾಕ್ಟರದ್ದೂ ಒಂದು ಬೇಕರಿಯದ್ದೂ ಅವಳೇ ನೋಡುತ್ತಾಳಂತೆ. ಮುಖ ಕಾಣದವಳ ಕೈಗೆ ಅಂಗಡಿ ಕೊಡ್ತೀಯಾ ಅಂತ ಗಂಡ ಗೊಣಗಿದ್ದ, ಗೊಣಗುತ್ತಲೇ ಹೊಸ ಗಿರಾಕಿಗಳ ಸೋಫಾ ಇಳಿಸಿಕೊಂಡಿದ್ದ. ಅವಳ ಪದ್ಧತಿ ಒಂದೇ, ಎಡಗಡೆಯ ಚೌಕದಲ್ಲಿ ಹರಿದ ಸೋಫಾ, ಕೆಳಗೆ 'ಮೊದಲು', ಬಲಗಡೆಯ ಚೌಕದಲ್ಲಿ ಹೊಸದಾದ ಸೋಫಾ, ಕೆಳಗೆ 'ನಂತರ', ಜೋಡಿ ಇಲ್ಲದೆ ಪೋಸ್ಟ್ ಇಲ್ಲ ಅಕ್ಕ. ಎಡಗಡೆಯದ್ದು ಬಂದು ಬಲಗಡೆಯದ್ದು ಬರದಿದ್ದರೆ ಮುಗೀತು, ಜೀವ ತಿನ್ನುತ್ತಾಳೆ, ಅಕ್ಕ ಆ ಕೆಂಪು ಸೋಫಾದ ನಂತರ ಎಲ್ಲಿ, ಅಕ್ಕ ಆ ಅಜ್ಜನ ಕುರ್ಚಿ ಏನಾಯ್ತು. ಕಳಿಸಲು ಮರೆಯುವುದರಲ್ಲಿ ಇವಳನ್ನು ಮೀರಿಸುವವರಿಲ್ಲ, ಅದಕ್ಕೇ ಅಂಗಡಿಯ ಫೋನಿನಲ್ಲಿ ತೆಗೆದದ್ದೆಲ್ಲ ತಾನಾಗಿಯೇ ತನ್ನ ಫೋಲ್ಡರಿಗೆ ಬಂದು ಬೀಳುವ ಹಾಗೆ ದೂರದವಳು ಮಾಡಿಸಿಕೊಂಡಿದ್ದಳು, ಅದು ಇವಳಿಗೆ ಗೊತ್ತಿತ್ತು, ಗೊತ್ತಿದ್ದೂ ಆ ದಿನ ತಲೆಗೆ ಹೊಳೆಯಲಿಲ್ಲ.

ಆ ದಿನ ಬೆನ್ನು ತುರಿಸಿತ್ತು, ಬಟ್ಟೆಗೆ ಚುಕ್ಕೆ ರಕ್ತ, ಸ್ನಾನದ ಕೋಣೆಯಲ್ಲಿ ಅಂಗಡಿಯ ಫೋನನ್ನೇ ಹಿಂದಕ್ಕೆ ಹಿಡಿದು ಕುರುಡಾಗಿ ಒತ್ತಿದಳು, ನೋಡಿದಳು, ಕಪ್ಪಗೆ ಗುಂಡಿಯಷ್ಟಗಲ, ಅಂಚು ಸರಿಯಿಲ್ಲ, ಕತ್ತರಿ ಹಿಡಿಯಲು ಬಾರದವರು ಬಟ್ಟೆ ಕತ್ತರಿಸಿದಂತೆ, ಉಷ್ಣದ ಗುಳ್ಳೆ ಅಂದುಕೊಂಡಳು, ಹೋಟೆಲಿನವರ ಕುರ್ಚಿಗಳು ರಾಶಿ ಬಿದ್ದಿವೆ, ಅವು ಮುಗಿಯಲಿ ನೋಡೋಣ, ಗಂಡನಿಗೂ ಹೇಳುವುದು ಬೇಡ. ಬೆಳಿಗ್ಗೆ ದೂರದವಳ ಮೆಸೇಜು — ಅಕ್ಕ, ಸೋಫಾಗಳ ನಡುವೆ ಒಂದು ಫೋಟೋ ಬಂದಿದೆ, ಕಂದು ಲೆದರ್ ಅಂದ್ಕೊಂಡೆ, ಈ ಕಲೆ ಕಂಡು ಹೆದರಬೇಡಿ ನಮ್ಮ ಕೈಗೆ ಕೊಡಿ ಅಂತ ಎರಡು ಸಾಲೂ ಬರೆದಿಟ್ಟೆ, ಆಮೇಲೆ ದೊಡ್ಡದು ಮಾಡಿ ನೋಡಿದ್ರೆ ಸಣ್ಣ ಸಣ್ಣ ಕೂದಲು, ಕೈ ನಿಂತೋಯ್ತು, ಇದು ಯಾರ ಬೆನ್ನು ಅಕ್ಕ? ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು, ಒಂದಿಷ್ಟು ಎಡವಿದ್ದರೆ ಊರಿಗೆಲ್ಲ ಬೆನ್ನು ತೋರಿಸಿದಂತಾಗುತ್ತಿತ್ತಲ್ಲ, ಆಮೇಲೆ ನಕ್ಕಳು, ನಕ್ಕು ಸುಮ್ಮನಾದಳು. ದೂರದವಳು ಸುಮ್ಮನಾಗಬೇಕಲ್ಲ. ಮರುದಿನ, ಅಕ್ಕ, ಬೆನ್ನಿನ ನಂತರ ಎಲ್ಲಿ. ಅದರ ಮರುದಿನ, ಡಾಕ್ಟರಿಗೆ ತೋರಿಸಿದ್ರಾ. ಎಡಗಡೆಯ ಚೌಕದಲ್ಲಿ ಆ ಕಪ್ಪು, ಬಲಗಡೆಯ ಚೌಕ ಖಾಲಿ, ದಿನಾ ಬೆಳಿಗ್ಗೆ ಅದನ್ನೇ ಕಳಿಸುವುದು, ಇವಳಿಗೆ ರೇಗಿ ಹೋಯಿತು, ನಿನ್ನ ಕೆಲಸ ನೀನು ನೋಡ್ಕೊಳ್ಳಮ್ಮ ಅಂತ ಬರೆದೇ ಬಿಟ್ಟಳು. ಉತ್ತರ ತಕ್ಷಣ ಬಂತು, ಅದನ್ನೇ ನೋಡ್ತಿದೀನಿ ಅಕ್ಕ, ಒಂದು ಜೋಡಿ ಬಾಕಿ ಇದೆ. ಮೊಂಡಿ. ಹೆತ್ತವರೂ ಹೀಗೆ ಹಿಂದೆ ಬೀಳಲಿಕ್ಕಿಲ್ಲ, ಬೈಸಿಕೊಂಡು ಯಾರು ಕೇಳುತ್ತಾರೆ, ಗಿರಾಕಿ ಕೋಪಿಸಿಕೊಂಡು ಬಿಟ್ಟರೆ ಅವಳ ಕೆಲಸವೇ ಹೋಗುತ್ತಿತ್ತಲ್ಲ, ಅದೂ ಗೊತ್ತಿದ್ದೂ ಕೇಳಿದಳಲ್ಲ, ಆ ಮೊಂಡುತನಕ್ಕೆ ಕೈ ಮುಗಿಯಬೇಕು. ಕೊನೆಗೆ ಆ ಖಾಲಿ ಚೌಕ ನೋಡಲಾರದೆ ಫೋನನ್ನು ಗಂಡನ ಮುಂದೆ ಹಿಡಿದಿದ್ದಳು, ಅವನು ಸುತ್ತಿಗೆ ಕೆಳಗಿಟ್ಟು ಹಾಡಹಗಲೇ ಅಂಗಡಿಯ ಬಾಗಿಲು ಎಳೆದು ಇವಳನ್ನು ಇದೇ ಆಸ್ಪತ್ರೆಗೆ ಕರೆತಂದಿದ್ದ.

ಕರೆಯುತ್ತಿದ್ದಾರೆ, ಇವಳನ್ನೇ, ಗಂಡ ತೋಳು ಹಿಡಿದು ಎಬ್ಬಿಸುತ್ತಾನೆ, ಡಾಕ್ಟರಮ್ಮ ಕಾಗದದಿಂದ ತಲೆ ಎತ್ತುತ್ತಾರೆ, ಕೆಟ್ಟದ್ದೇ ಆಗಿತ್ತಮ್ಮ — ಕಿವಿ ಗುಂಯ್ಯೆನ್ನುತ್ತದೆ, ಮುಂದಿನದ್ದು ಎಲ್ಲೋ ದೂರದಿಂದ — ಆದ್ರೆ ಪೂರ್ತಿ ಹೊರಗೆ ಬಂದಿದೆ, ಆಳಕ್ಕೆ ಇಳಿದಿರಲಿಲ್ಲ, ತಪಾಸಣೆಗೆ ಆಗಾಗ ಬರ್ತಿರಿ ಸಾಕು, ತಡ ಮಾಡಿದ್ರೆ ಮಾತೇ ಬೇರೆ ಇರ್ತಿತ್ತು, ನಮ್ಮ ಬೆನ್ನು ನಮಗೇ ಕಾಣಲ್ಲ ನೋಡಿ, ಮೊದಲು ಕಂಡಿದ್ದು ಯಾರಿಗೆ? ಉತ್ತರ ಕೊಟ್ಟವನು ಗಂಡ, ನಮ್ಮ ಅಂಗಡಿ ಹುಡುಗಿಗೆ ಅಂದ, ದೂರದವಳು ಅನ್ನಲಿಲ್ಲ, ನಮ್ಮ ಅಂಗಡಿ ಹುಡುಗಿ, ಅಂದವನೇ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ನರ್ಸು ಪಟ್ಟಿ ಬಿಚ್ಚಿ ಹೊಲಿಗೆ ನೋಡುವಾಗ, ಒಂದು ಫೋಟೋ ತೆಗಿ ಅಂತ ಇವಳೇ ಅಂಗಡಿಯ ಫೋನನ್ನು ಗಂಡನ ಕೈಗಿಟ್ಟಳು, ಅವನು ಒತ್ತಿದ, ಅದು ತಾನಾಗಿಯೇ ಹೋಗಬೇಕಾದಲ್ಲಿಗೆ ಹೋಯಿತು. ಮೆಟ್ಟಿಲು ಇಳಿಯುವುದರೊಳಗೆ ಫೋನು ಗುರುಗುಟ್ಟುತ್ತದೆ, ಹುಡುಗಿಯೇ, ಸದಾ ನಾಲ್ಕು ಮಾತು ಹೆಚ್ಚೇ ಬರೆಯುವವಳು ಇವತ್ತು ಒಂದಕ್ಷರ ಬರೆದಿಲ್ಲ, ಬರೀ ಜೋಡಿ. ಏನು ಬರೆಯಲಿ ಆ ಹುಡುಗಿಗೆ, ನಿನ್ನ ಹೊಟ್ಟೆ ತಣ್ಣಗಿರಲಿ ಅನ್ನಲೇ, ಊಟ ಆಯ್ತಾ ಅನ್ನಲೇ, ಬೈದಿದ್ದನ್ನು ಮನಸ್ಸಿಗೆ ಹಚ್ಚಿಕೋಬೇಡ ಅನ್ನಲೇ, ಎಂಥ ಗಿರಾಕಿಯನ್ನೂ ಮಾತಿನಲ್ಲೇ ಕೂರಿಸುವ ಇವಳಿಗೆ ಹೆಬ್ಬೆರಳು ಏಳುತ್ತಿಲ್ಲ, ಗಂಡ ಏನೋ ಕೇಳುತ್ತಿದ್ದಾನೆ, ಜನ ಪಕ್ಕದಲ್ಲಿ ಇಳಿದು ಹೋಗುತ್ತಿದ್ದಾರೆ, ಮೆಟ್ಟಿಲ ಮಧ್ಯೆ ನಿಂತೇ ನೋಡುತ್ತಾಳೆ, ಎಡಗಡೆಯ ಚೌಕದಲ್ಲಿ ಆ ಕಪ್ಪು, ಬಲಗಡೆಯ ಚೌಕದಲ್ಲಿ ಹೊಲಿಗೆ, ಎಡಗಡೆ ಕಪ್ಪು, ಬಲಗಡೆ ಹೊಲಿಗೆ, ಎಡಗಡೆ, ಬಲಗಡೆ