ಹೊಳ್ಳಿ ದಾಟುವುದು

ಸಾಲೆಯ ಮಕ್ಕಳು ಒಬ್ಬ ಹುಡುಗನ ಕಾಲು ದಾಟಿ ಜಿಗಿದರು ಎಂಬಷ್ಟು ಸಣ್ಣ ಸಂಗತಿಯನ್ನು ಕಥೆಯೆಂದು ಹೇಳಹೊರಟದ್ದು ಹೆಚ್ಚಾಯಿತೇನೋ. ಹೇಳಲು ಸರಿಯಾಗಿ ಬರದವರ ಕೈಗೆ ಸಿಕ್ಕಿದೆ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ರಾಯವ್ವ ಗೇಟು ದಾಟಿ ಬಂದಾಗ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಮೊಮ್ಮಗ ಅಪ್ಪುವಿನ ಕೈ ಹಿಡಿದು, ತಲೆಮೇಲೆ ಸೆರಗು ಎಳೆದುಕೊಂಡು, ಬೇವಿನ ಗಿಡದ ಕೆಳಗೆ ಅಲುಗದೆ ನಿಂತಳು. ಮಕ್ಕಳ ಸಾಲು ಚದುರಿದ ಮೇಲೆ ನೇರವಾಗಿ ಶಿಕ್ಷಕಿ ಯಶೋಧಾಳ ಹತ್ತಿರ ಬಂದಳು.

"ಅಕ್ಕೋರ, ನಿನ್ನಿ ನಮ್ಮ ಹುಡುಗನ್ನ ಎಲ್ಲಾರ ಕಡಿಂದ ದಾಟಿಸೀರಂತ. ಇವತ್ತ ಹೊಳ್ಳಿ ದಾಟಸ್ರಿ."

ಯಶೋಧಾ ಆ ಊರಿಗೆ ಅತಿಥಿ ಶಿಕ್ಷಕಿಯಾಗಿ ಬಂದದ್ದು ಆ ವರ್ಷವೇ. ದಿನಾ ಯರಗಟ್ಟಿಯಿಂದ ಬಸ್ಸಿಗೆ ಬಂದು ಹೋಗುತ್ತಿದ್ದಳು. ಹಿಂದಿನ ದಿನ ಆಟದ ಪಿರಿಯಡ್ಡಿನಲ್ಲಿ ಎರಡನೇ ಇಯತ್ತೆಯವರಿಗೆ ಜಿಗಿಯುವುದನ್ನು ಕಲಿಸುವುದಿತ್ತು. ಓಡಿ ಬಂದು, ಎರಡೂ ಕಾಲು ಕೂಡಿಸಿ ಹಾರಿ, ಮೊಣಕಾಲು ಮಡಿಸಿ ನೆಲಕ್ಕಿಳಿಯಬೇಕು, ಅಷ್ಟೇ. ಹುಡುಕಿದರೆ ಹಗ್ಗ ಸಿಗಲಿಲ್ಲ. ಅಪ್ಪು ಎಂದಿನಂತೆ ಕಟ್ಟೆಯ ಮೇಲೆ ಕುಳಿತು ಉಳಿದವರ ಚಪ್ಪಲಿ ಕಾಯುತ್ತಿದ್ದ. ವಯಸ್ಸಿಗೆ ತಕ್ಕ ಮೈಯಿಲ್ಲದ ಹುಡುಗ. ಸ್ವಲ್ಪ ಓಡಿದರೂ ತುಟಿ ನೀಲಿಗಟ್ಟುತ್ತಿತ್ತು. ಇವನೂ ಆಟದಲ್ಲಿರಲಿ ಎಂದು ಯಶೋಧಾ ಅವನನ್ನು ಬಯಲ ನಡುವೆ ಕಾಲು ಚಾಚಿ ಕೂರಿಸಿದಳು. ಅವನ ಕಾಲೇ ಹಗ್ಗವಾಯಿತು. ಹೇಗೆಂದು ತೋರಿಸಲು ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ಮೊದಲು ತಾನೇ ಹಾರಿದಳು. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹಾರಿದರು. "ರಾಣಿ, ನಿನ್ನ ಕಾಲಬಟ್ಟ ತಾಗೇತಿ, ಔಟ ನೀ" ಎಂದು ಅಪ್ಪು ತೀರ್ಪು ಕೊಡುತ್ತ, ನಗುತ್ತ ಕೂತಿದ್ದ. ಅವನು ಹಾಗೆ ನಕ್ಕದ್ದನ್ನು ಯಶೋಧಾ ಅದುವರೆಗೆ ನೋಡಿರಲಿಲ್ಲ. ಅದೇ ಖುಷಿಯಲ್ಲಿ ಮನೆಗೆ ಹೋಗಿದ್ದಳು.

ಕೂತ ಕೂಸನ್ನು ದಾಟಿದರೆ ಅದು ಬೆಳೆಯುವುದಿಲ್ಲ, ದಾಟಿದವರು ಹೊಳ್ಳಿ, ಎಂದರೆ ಬಂದ ದಿಕ್ಕಿಗೇ ತಿರುಗಿ, ದಾಟಿ ಬಿಡಿಸಬೇಕು ಎಂಬ ಮಾತು ಅವಳಿಗೆ ಗೊತ್ತಿಲ್ಲವೆಂದಲ್ಲ. ಆದರೆ ಅವಳ ಮನೆಯ ಗೋಡೆಯ ಮೇಲಿದ್ದದ್ದು ಬುದ್ಧನ ಪಟ. ಅಮಾವಾಸ್ಯೆಯ ಮರುದಿನ ಮೂರು ದಾರಿ ಕೂಡುವಲ್ಲಿ ಬಿದ್ದಿರುತ್ತಿದ್ದ ನಿಂಬೆಹಣ್ಣನ್ನು ಅವಳಪ್ಪ ಬೇಕೆಂದೇ ದಾಟಿ, ಮಗಳನ್ನೂ ದಾಟಿಸಿ, ಏನಾಯ್ತು ಹೇಳು ಎಂದು ಕೇಳುತ್ತಿದ್ದ. ಏನೂ ಆಗುತ್ತಿರಲಿಲ್ಲ.

ಹುಡುಗನನ್ನು ಡಾಕ್ಟರಿಗೆ ತೋರಿಸಿರೆಂದು ಅವಳು ಮೆತ್ತಗೆ ಹೇಳಿದಳು.

"ತೋರಸೇವ್ರಿ. ಎದಿಯಾಗ ತೂತ ಐತಂತ. ಮೈಯಾಗ ತೂಕ ಬರ್ಲಿ, ಬೆಳಗಾವ್ಯಾಗ ಆಪರೇಶನ್ ಮಾಡ್ತೀವಿ ಅಂದಾರ. ತೂಕ ಬರಬೇಕಲ್ರಿ? ಮೊದಲ ಹಿಡಿಯಷ್ಟ ಅದಾನ. ಇನ್ನ ದಾಟಿದ ಕೂಸು ಹೆಂಗ ಬೆಳಿತೈತಿ?"

ಹೆಡ್ ಮಾಸ್ತರ ನೀಲಪ್ಪ ವರಾಂಡದಿಂದಲೇ ಕೇಳಿಸಿಕೊಂಡರು. "ದಾಟಸ್ರಿ ಅತ್ಲಾಗ. ಇನ್ನೊಮ್ಮಿ ಜಿಗದರ ಇನ್ನೊಮ್ಮಿ ವ್ಯಾಯಾಮ ಆಕ್ಕೈತಿ" ಎಂದು ಒಳಗೆ ಹೋದರು.

ಅಪ್ಪುವನ್ನು ಮತ್ತೆ ಅಲ್ಲೇ ಕೂರಿಸಿದರು. ಮಕ್ಕಳು ಆಚೆ ಬದಿಯಿಂದ ಈಚೆಗೆ ಹಾರಿದರು. ರಾಯವ್ವ ಒಬ್ಬೊಬ್ಬರ ಮುಖವನ್ನೂ ನೋಡಿಟ್ಟುಕೊಂಡಳು. ರಾಣಿಯ ಕಾಲ್ಬೆರಳು ಅವನ ಮೊಣಕಾಲಿಗೆ ತಾಗಿತು. ಅಪ್ಪು ಔಟ್ ಕೊಡಲಿಲ್ಲ. ತಲೆ ಬೋಳಿಸಿಕೊಳ್ಳಲು ಕೂತವನ ಹಾಗೆ ಸೆಟೆದು ಕೂತಿದ್ದ.

"ಇನ್ನ ನೀವೊಬ್ರ ಉಳದ್ರಿ" ಎಂದಳು ರಾಯವ್ವ.

ಮಕ್ಕಳೆಲ್ಲ ಯಶೋಧಾಳ ಕಡೆ ತಿರುಗಿ ನೋಡಿದರು. ಬೆಕ್ಕು ಅಡ್ಡ ಬಂದರೆ ಏನೂ ಆಗುವುದಿಲ್ಲವೆಂದು ಹೋದ ವಾರವಷ್ಟೇ ಅವರಿಗೆ ಹೇಳಿಕೊಟ್ಟಿದ್ದಳು.

"ನಾ ಇದನ್ನ ನಂಬಂಗಿಲ್ಲ, ಆಯಿ."

"ನಂಬಬ್ಯಾಡ್ರೆವ್ವಾ. ದಾಟ್ರಿ, ಸಾಕು."

ಅಷ್ಟರಲ್ಲಿ ಗಂಟೆಯಾಯಿತು. ಯಶೋಧಾ ಮಕ್ಕಳನ್ನು ಕರೆದುಕೊಂಡು ಒಳಗೆ ಹೋದಳು. ಕಿಟಕಿಯಿಂದ ನೋಡಿದರೆ ಅಪ್ಪು ಇನ್ನೂ ಕಾಲು ಚಾಚಿಯೇ ಕೂತಿದ್ದ. ಮುದುಕಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅವನನ್ನು ಎಬ್ಬಿಸಿ, ಕಾಲಿಗೆ ಹತ್ತಿದ ಮಣ್ಣನ್ನು ಸೆರಗಿನಿಂದ ಝಾಡಿಸಿ, ತರಗತಿಯ ಬಾಗಿಲತನಕ ಬಿಟ್ಟು ಹೋದಳು.

ದೀಪಾವಳಿ ರಜೆ ಮುಗಿದರೂ ಅಪ್ಪು ಬರಲಿಲ್ಲ. ಯಶೋಧಾ ಕೇಳಿಕೊಂಡು ಮನೆಗೆ ಹೋದರೆ ಬಾಗಿಲಿಗೆ ಕೀಲಿ. ಕೆಮ್ಮು ಜ್ವರ ಏರಿ ಬೆಳಗಾವಿಯ ದವಾಖಾನೆಗೆ ಒಯ್ದಿದ್ದಾರೆಂದು ಪಕ್ಕದ ಮನೆಯ ಕೃಷ್ಣವ್ವ ಹೇಳಿದಳು. ತೂಕ ಏರುವುದಿರಲಿ, ಇಳಿದಿತ್ತಂತೆ. ಇಷ್ಟು ಹೇಳಿ ಯಶೋಧಾಳ ಮುಖ ದಿಟ್ಟಿಸಿ, "ನೀವ ಅಲ್ರಿ, ದಾಟಿದ ಅಕ್ಕೋರು?" ಎಂದು ಕೇಳಿದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಗುರುತು ಹಿಡಿದವರ ದನಿಯಷ್ಟೇ ಇತ್ತು.

ತೂತು ಹುಟ್ಟಿನಿಂದಲೇ ಬಂದದ್ದು, ಜಿಗಿದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಬಸ್ಸಿನಲ್ಲಿ ಯಶೋಧಾ ಇದನ್ನು ಮನಸ್ಸಿನಲ್ಲೇ ಪಾಠದ ಹಾಗೆ ಹೇಳಿಕೊಂಡಳು. ಅಪ್ಪನಾದರೂ ಅದನ್ನೇ ಹೇಳುತ್ತಿದ್ದ. ಆದರೆ ಹೊಳ್ಳಿ ದಾಟಿದ್ದರೆ ಏನು ಹೋಗುತ್ತಿತ್ತು ಎಂಬುದು ಆ ಪಾಠದಲ್ಲಿರಲಿಲ್ಲ.

ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವಳು ಬಯಲಿಗೆ ಬಂದಳು. ಅಪ್ಪು ಕೂತಿದ್ದ ಜಾಗ ಇದೇ ಇರಬೇಕೆಂದು ಅಂದಾಜು ಮಾಡಿ, ಆಚೆ ಬದಿಗೆ ಹೋಗಿ, ಚೀಲ ಕೆಳಗಿಟ್ಟು ಚಪ್ಪಲಿ ಬಿಟ್ಟಳು. ನಿರಿಗೆ ಎತ್ತಿ ಸಿಕ್ಕಿಸಿದಳು. ಓಡಿ ಬಂದು, ಎರಡೂ ಕಾಲು ಕೂಡಿಸಿ ಹಾರಿ, ತಾನು ಕಲಿಸಿದ ಹಾಗೆಯೇ ಮೊಣಕಾಲು ಮಡಿಸಿ ಇಳಿದಳು. ಧೂಳು ಎದ್ದು ನಿಧಾನ ಕೂತಿತು. ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿಸಿದರೂ ಅವಳು ಅಲ್ಲೇ ನಿಂತಿದ್ದಳು.

ಕೂತವರಿಲ್ಲದ ಜಾಗವನ್ನು ಹೊಳ್ಳಿ ದಾಟಿದರೆ ನಡೆಯುತ್ತದೋ ಇಲ್ಲವೋ, ಕೇಳೋಣವೆಂದರೆ ರಾಯವ್ವ ಇನ್ನೂ ಊರಿಗೆ ಬಂದಿಲ್ಲ. ಅಪ್ಪು ಹೇಗಿದ್ದಾನೆಂಬುದೂ ಗೊತ್ತಾಗಿಲ್ಲ.