ಉಗುರು ಕಿತ್ತ ಔಷಧಿ

ನೀಲಾ ಬಾವ ದೊಡ್ಡಣ್ಣನ ಮುಂಗೈ ಕಚ್ಚಿ ಹಿಡಿದಳು. ಅವನು ಚೀರಿದನೇ ಹೊರತು ಕೈಲಿದ್ದ ಪ್ಲಾಸ್ಟಿಕ್ ಕ್ಯಾನು ಬಿಡಲಿಲ್ಲ. ಇನ್ನೊಂದು ಕೈಯಿಂದ ಅವಳ ತುರುಬು ಹಿಡಿದು ಜಗ್ಗಿದ. ಅವಳ ತಲೆ ಸಂಡಾಸದ ಬಾಗಿಲಿಗೆ ಬಡಿಯಿತು.

"ಹೆಣ ಮನ್ಯಾಗೈತಿ! ಗಂಡನ ಉಚ್ಚಿ ಸಲುವಾಗಿ ನಾಯಿ ಹಂಗ ಕಡೀತಿಯಲ್ಲ!"

"ಚೆಲ್ಲಬ್ಯಾಡ್ರಿ ಬಾವಾರ. ನಾಳೆ ಆಸ್ಪತ್ರಿ ಗಾಡಿ ಬಂದು ಕ್ಯಾನ್ ಒಯ್ತೈತಿ, ಸುಡ್ತಾರ."

"ಊರಿಂದ ಮಂದಿ ಬಂದಾರ, ಮನಿ ನಾರಾಕತ್ತೈತಿ. ಸಂಡಾಸ ಇರೂದು ಯಾತಕ್ಕ?"

ನಡುಮನೆಯಲ್ಲಿ ಅವಳ ಗಂಡ ಚನ್ನಬಸಪ್ಪನ ಹೆಣವನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ. ಉಗುರಿಲ್ಲದ ಬೆರಳು ಕಂಡ ಹೆಂಗಸರು ಮುಖ ತಿರುಗಿಸುತ್ತಿದ್ದರು.

*

ವಡೋದರದ ರೈಲ್ವೆ ಸೇತುವೆಗಳ ಮೇಲೆಯೇ ಚನ್ನಬಸಪ್ಪನ ನೌಕರಿ ಕಳೆದಿತ್ತು. ವಿಶ್ವಾಮಿತ್ರಿ ನದಿಯ ಮೇಲೆ ಕಬ್ಬಿಣಕ್ಕೆ ಬಣ್ಣ ಬಳಿಯುವಾಗ ಡಬ್ಬಿಯ ರೊಟ್ಟಿ ಮುರಿದು ಮೀನಿಗೆ ಎಸೆಯುತ್ತಿದ್ದ. ಮೊಸಳೆ ಬಂದರೆ ಅದರ ಅವ್ವನನ್ನೂ ಬಿಡದೆ ಬೈಯುತ್ತಿದ್ದ.

ಕ್ಯಾನ್ಸರಿನ ಔಷಧಿಯ ಮೊದಲ ಸಲಾಯಿನ್ ಏರಿಸಿದ ದಿನ ನರ್ಸು ನೀಲಾಳಿಗೆ ಕೈಗವಸು ಕೊಟ್ಟಳು. ಈ ಔಷಧಿ ವಿಷವಿದ್ದಂತೆ, ಮೂತ್ರದಲ್ಲೇ ಹೊರಬೀಳುತ್ತದೆ, ಬರಿಗೈಲಿ ಮುಟ್ಟಬೇಡಿ, ಎರಡೆರಡು ಸಲ ಫ್ಲಶ್ ಮಾಡಿ ಎಂದಳು.

"ಆಮೇಲೆ ಅದು ಎಲ್ಲಿಗೆ ಹೋಗುತ್ತೆ?" ಚನ್ನಬಸಪ್ಪ ಹಿಂದಿಯಲ್ಲಿ ಕೇಳಿದ.

"ಗಟಾರಕ್ಕೆ, ಕಾಕಾ. ಗಟಾರದಿಂದ ನದಿಗೆ."

ಬರಬರುತ್ತ ಅವನ ಬಾಯೆಲ್ಲ ಹುಣ್ಣಾಗಿ, ನೀರು ಕುಡಿದರೂ ರಕ್ತ ಉಗುಳತೊಡಗಿದ. ಉಗುರುಗಳು ಕಪ್ಪಾಗಿ ಬುಡ ಬಿಟ್ಟವು. ಹೆಬ್ಬೆರಳಿನದು ಚಾದರಕ್ಕೆ ಸಿಕ್ಕಿ ಕಿತ್ತು ಬಂದಾಗ ಅದನ್ನು ಅಂಗೈಲಿಟ್ಟು ಬಹಳ ಹೊತ್ತು ನೋಡಿದ.

"ನನ್ನಂಥ ಕೋಣಕ್ಕ ಹಿಂಗ ಮಾಡ್ತು. ಮೀನಿನ ಮರಿ ಏನ್ ತಡಕೋತಾವ, ನೀಲಾ?"

ಅಂದಿನಿಂದ ಮೂತ್ರವನ್ನು ಕ್ಯಾನಿನಲ್ಲೇ ಹಿಡಿದಿಟ್ಟ. ಊರ ಹೊಲಸೆಲ್ಲ ಹೋಗುವ ನದಿಗೆ ನಿನ್ನದೊಂದು ಹೆಚ್ಚಾಯಿತೇ ಎಂದು ನೀಲಾ ಜಗಳ ತೆಗೆದಳು.

"ಊರಿಂದು ಊರು ನೋಡ್ಕೊಳ್ಳಿ. ಇದು ನಂದು."

ಕೊನೆಗೆ ಅವಳೇ ಆಸ್ಪತ್ರೆಯ ಕಸ ಸುಡುವವರನ್ನು ಕಾಡಿಬೇಡಿ ಕ್ಯಾನು ಒಯ್ಯಲು ಒಪ್ಪಿಸಿದ್ದಳು.

*

ನೀಲಾ ಮೊಣಕಾಲೆತ್ತಿ ಬಾವನ ಹೊಟ್ಟೆಗೆ ಗುದ್ದಿದಳು. ಅವನು ಮುಗ್ಗರಿಸಿದೊಡನೆ ಕ್ಯಾನು ಎಳೆದುಕೊಂಡು ಸಂಡಾಸದೊಳಗೆ ಹೊಕ್ಕು ಚಿಲಕ ಹಾಕಿದಳು. ಆ ಮನೆಯಲ್ಲಿ ಗಟ್ಟಿ ಚಿಲಕವಿದ್ದದ್ದು ಅದೊಂದೇ ಬಾಗಿಲಿಗೆ.

ಕೆಳಗೆ ಶವದ ವ್ಯಾನು ಹಾರ್ನ್ ಹೊಡೆಯಿತು.

"ನೀಲಾ, ಹೆಣ ಎತ್ತೂ ಹೊತ್ತಾತವ್ವ." ದೊಡ್ಡಣ್ಣನ ದನಿ ಈಗ ಬೆಣ್ಣೆ. "ಬಾ, ಗಂಡನ ಮಾರಿ ನೋಡು. ಕ್ಯಾನ್ ನಾ ನೋಡ್ಕೋತೀನಿ."

"ನೀವು ನೋಡ್ಕೊಳ್ಳೂದು ಗೊತ್ತೈತಿ."

"ಮಮ್ಮಿ," ಮಗಳು ಐಶ್ವರ್ಯಾ ಬಿಕ್ಕಿದಳು, "ಪಪ್ಪಾ ಜಾ ರಹೇ ಹೈಂ, ಹೊಂಟಾರ. ಬಾ ನಾ, ಪ್ಲೀಸ್."

ನೀಲಾಳ ಕೈ ಚಿಲಕದ ಮೇಲೆ ಹೋಯಿತು. ಅಷ್ಟರಲ್ಲಿ ದೊಡ್ಡಣ್ಣ ಬಾಗಿಲಿಗೆ ಜಾಡಿಸಿ ಒದ್ದ. ಚಿಲಕ ಗಟ್ಟಿ ನಿಂತರೂ ಬಾಗಿಲು ಅದುರಿ, ಅದಕ್ಕೆ ಆನಿಸಿಟ್ಟ ಕ್ಯಾನು ಉರುಳಿತು, ಮುಚ್ಚಳ ಹಾರಿತು.

ಹಳದಿ ನೀರು ಮೋರಿಯ ಜಾಲರಿಯತ್ತ ಹರಿಯಿತು. ನೀಲಾ ಕ್ಯಾನು ನೆಟ್ಟಗೆ ನಿಲ್ಲಿಸಿ ನೆಲಕ್ಕೆ ಬಿದ್ದಳು. ಸೆರಗು ಕಿತ್ತು ಜಾಲರಿಗೆ ತುರುಕಿದಳು. ಸಾಲದೆ ಸೀರೆಯನ್ನೇ ಸುಲಿದು ಒಡ್ಡು ಕಟ್ಟಿ ಮೇಲೆ ಎದೆಯೂರಿ ಮಲಗಿದಳು. ಹೊರಗೆ ಶವಯಾತ್ರೆಯ ಗಂಟೆ ಬಾರಿಸಿದರು. ಹೆಣ ಹೊತ್ತವರ ಹೆಜ್ಜೆ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು.